ಕಂಪ್ಯೂಟರ್ ಬಿಸಿಯಾಗಿ ಹ್ಯಾಂಗ್ ಆಗುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮೊದಲು ಡಬ್ಬ ಬಿಚ್ಚಿ ನೋಡಿ

ಮೊದಲು ಮೌಸ್ ತಡವರಿಸಿತು. ಆಮೇಲೆ ಒತ್ತಿದ ಅಕ್ಷರ ಎರಡು ಸೆಕೆಂಡು ಬಿಟ್ಟು ಪರದೆಗೆ ಬಂತು. ಸ್ಪೀಕರಿನಿಂದ ಟರ್ರ್ ಎಂದು ಸದ್ದು ಬಂದು ಎಲ್ಲವೂ ಇದ್ದಲ್ಲೇ ನಿಂತುಹೋಯಿತು. ಏಪ್ರಿಲ್ ತಿಂಗಳ ಮಧ್ಯಾಹ್ನ ಅದು. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲಿ ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ಟೈಪ್ ಮಾಡುತ್ತಿದ್ದೆ. ಸಂಜೆ ಪ್ರೆಸ್ಸಿಗೆ ಹೋಗಬೇಕಿದ್ದ ಎರಡು ಪುಟ ಕಣ್ಣೆದುರೇ ಹೋಯಿತು.

ರಿಪೇರಿಗೆ ಕೊಟ್ಟಾಗ, ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಬೇಕು, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು ಅಂದರು. ಮಾಡಿಸಿದೆ. ಕನ್ನಡ ಟೈಪ್ ಮಾಡುವ ನುಡಿ, ಬರಹ ಸಾಫ್ಟ್‌ವೇರುಗಳು, ಫಾಂಟುಗಳು, ಪ್ರಿಂಟರ್ ಎಲ್ಲವನ್ನೂ ಹೊಸದಾಗಿ ಹಾಕಿಕೊಂಡೆ. ಮೂರನೇ ದಿನ ಮತ್ತೆ ಅದೇ ಕತೆ. ಕೊನೆಗೆ ನಾನೇ ಸಿಪಿಯು ಡಬ್ಬದ ಬದಿಯ ತಗಡು ಬಿಚ್ಚಿದೆ. ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್ಪಾದ ಪ್ರೊಸೆಸರಿನ ಫ್ಯಾನ್ ತೆಗೆದಾಗ ಅದರ ಕೆಳಗೆ ಕಂಬಳಿಯ ತುಂಡಿನ ಹಾಗೆ ಧೂಳು ಕೂತಿತ್ತು. ಉಗುರಿನಿಂದ ಎತ್ತಿದರೆ ಇಡೀ ಹಾಳೆಯಾಗಿ ಎದ್ದುಬಂತು. ಬೆಳಕಿಗೆ ಹಿಡಿದರೆ ಅಡಿಕೆ ಸಿಪ್ಪೆಯ ನಾರು, ಕೆಂಪುಕಲ್ಲಿನ ಹುಡಿ, ಜೇಡರ ಬಲೆ, ಒಂದೆರಡು ಒಣಗಿದ ಇರುವೆ. ಅಂಗಳದಲ್ಲಿ ಅಡಿಕೆ ಒಣಗಿಸಿ ಚಾವಡಿಯಲ್ಲಿ ಸುಲಿಯುವ ಮನೆ ನಮ್ಮದು. ಫ್ಯಾನ್ ವರ್ಷಗಟ್ಟಲೆ ಅದನ್ನೆಲ್ಲ ಒಳಗೆ ಎಳೆದುಕೊಂಡಿತ್ತು.

ನಮ್ಮ ಕಾಸರಗೋಡಿನಲ್ಲಿ ಇದು ಒಬ್ಬರ ಮನೆಯ ಸಮಸ್ಯೆ ಅಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದ ವರ್ಷಗಳಲ್ಲಿ ರಸ್ತೆಬದಿಯ ಮನೆಯ ಕಿಟಕಿಗಳು ಕೆಂಪಗಾಗಿದ್ದವು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಉಪ್ಪುಗಾಳಿ ಬೇರೆ. ಅದಕ್ಕೇ ಹೇಳುತ್ತೇನೆ, ಫಾರ್ಮ್ಯಾಟು ಕೊನೆಗಿರಲಿ.

ಯಾವಾಗ ನಿಲ್ಲುತ್ತದೆ ಎಂದು ಬರೆದಿಡಿ

ಮೊದಲ ಕೆಲಸ, ಮುಖ್ಯ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುವುದು. ಆಮೇಲೆ ಒಂದು ನೋಟ್‌ಬುಕ್ಕು ಇಟ್ಟುಕೊಂಡು ಎರಡು ಮೂರು ದಿನ ಗಮನಿಸಿ. ಗಂಟೆ ಎಷ್ಟು, ಆನ್ ಮಾಡಿ ಎಷ್ಟು ಹೊತ್ತಾಯಿತು, ಏನು ಕೆಲಸ ನಡೆಯುತ್ತಿತ್ತು ಎಂದು ಬರೆಯಿರಿ.

ಬೆಳಿಗ್ಗೆ ಸರಿಯಾಗಿದ್ದು, ಮಧ್ಯಾಹ್ನ ಅರ್ಧ ಗಂಟೆ ಓಡಿದ ಮೇಲೆ ತಡವರಿಸಿದರೆ ಬಿಸಿಯ ಮೇಲೆ ಅನುಮಾನ ಪಡಿ. ಆನ್ ಮಾಡಿದ ಗಳಿಗೆಯಿಂದಲೇ ನಿಧಾನ, ಡಬ್ಬದ ಮೇಲಿನ ಸಣ್ಣ ದೀಪ ಆರದೆ ಮಿನುಗುತ್ತದೆ ಅಂದರೆ ಹಾರ್ಡ್‌ಡಿಸ್ಕ್ ನೋಡಬೇಕು. ಹೊತ್ತುಗೊತ್ತಿಲ್ಲದೆ ದೋಷದ ಸಂದೇಶದ ನೀಲಿ ಪರದೆ ಬಂದರೆ ತಾತ್ಕಾಲಿಕ ನೆನಪಿನ ಕಡ್ಡಿಯಾದ ರ‍್ಯಾಮ್ ಇರಬಹುದು. ತೋಟದ ಪಂಪ್ ಸ್ಟಾರ್ಟ್ ಆದ ಕೂಡಲೇ ರೀಸ್ಟಾರ್ಟ್ ಆಗುತ್ತದೆಯೇ? ಹಾಗಾದರೆ ವೋಲ್ಟೇಜು, ಯುಪಿಎಸ್ಸಿನ ಬ್ಯಾಟರಿ ಅಥವಾ ಪವರ್ ಸಪ್ಲೈ. ಈ ಪಂಪಿನ ವಿಷಯ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಬಿಸಿ ಅಳೆಯುವುದು

ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯೂ ಮಾನಿಟರ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಮನೆ ಬಳಕೆಗೆ ಹಣ ಕೊಡಬೇಕಿಲ್ಲ. ಸುಮ್ನೆ ಆನ್ ಮಾಡಿ ಬಿಟ್ಟಾಗ ಪ್ರೊಸೆಸರ್ 35ರಿಂದ 50 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಚಿಂತೆಯಿಲ್ಲ. ಜಾಸ್ತಿ ಕೆಲಸ ಕೊಟ್ಟಾಗ 70, 80 ಆದರೂ ತಡೆಯುತ್ತದೆ. 90 ದಾಟಿ ಅಲ್ಲೇ ನಿಂತರೆ ಕೈಹಾಕಲೇಬೇಕು. ಹೆಚ್ಚಿನ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಹತ್ತಿರ ಬಂದಾಗ ಸುಟ್ಟುಹೋಗದಂತೆ ತಾವೇ ವೇಗ ಇಳಿಸಿಕೊಳ್ಳುತ್ತವೆ. ನಮಗೆ ತಡವರಿಕೆಯಾಗಿ ಕಾಣುವುದು ಅದೇ. ಆಮೇಲೂ ಬಿಸಿ ಏರಿದರೆ ಕಂಪ್ಯೂಟರ್ ತಟ್ಟನೆ ಆಫ್ ಆಗುತ್ತದೆ.

ಒಂದು ಮಾತು ನೆನಪಿಡಿ. ಫ್ಯಾನ್ ಒಳಗೆ ಬಿಡುವುದು ಕೋಣೆಯ ಗಾಳಿಯನ್ನೇ. ಮೇ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ ಕೋಣೆಯೇ 35 ಡಿಗ್ರಿ ಇರುವಾಗ ಪ್ರೊಸೆಸರ್ ಅದಕ್ಕಿಂತ ತಂಪಾಗುವ ದಾರಿಯೇ ಇಲ್ಲ.

ಸುಲಭದ ಇನ್ನೊಂದು ಪರೀಕ್ಷೆ ಇದೆ. ಕಂಪ್ಯೂಟರ್ ಆಫ್ ಮಾಡಿ ಬದಿಯ ತಗಡು ತೆಗೆದಿಡಿ. ಮತ್ತೆ ಆನ್ ಮಾಡಿ, ಒಳಗೆ ಕೈಹಾಕದೆ, ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿ ಒಂದು ಗಂಟೆ ಎಂದಿನ ಕೆಲಸ ಮಾಡಿ. ತಡವರಿಕೆ ನಿಂತಿತೇ? ಹಾಗಾದರೆ ಕಳ್ಳ ಸಿಕ್ಕಿದ ಹಾಗೆ. ಆದರೆ ಇದನ್ನೇ ಖಾಯಂ ಮಾಡಬೇಡಿ. ತೆರೆದ ಡಬ್ಬಕ್ಕೆ ಧೂಳು ಇನ್ನೂ ಬೇಗ ಸೇರುತ್ತದೆ, ಹಲ್ಲಿಯೂ ಬರುತ್ತದೆ.

ಡಬ್ಬ ಇಟ್ಟ ಜಾಗವನ್ನೂ ನೋಡಿ. ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಿನೊಳಗೆ ತುರುಕಿದರೆ ಹಿಂದಿನಿಂದ ಹೊರಬಂದ ಬಿಸಿಗಾಳಿಯೇ ಸುತ್ತಿ ಮತ್ತೆ ಒಳಗೆ ಹೋಗುತ್ತದೆ. ಗೋಡೆಯಿಂದ ಅರ್ಧ ಅಡಿ ಆಚೆ ಇಡಿ. ನೆಲದಲ್ಲಿ ಬೇಡ, ನಾಲ್ಕು ಬೆರಳಾದರೂ ಎತ್ತರ ಬೇಕು. ಬಟ್ಟೆಯ ಹೊದಿಕೆ ಇದ್ದರೆ ಓಡುವಾಗ ತೆಗೆಯಲೇಬೇಕು.

ಧೂಳು ತೆಗೆಯುವ ಕ್ರಮ

ಪ್ಲಗ್ ಎಳೆಯಿರಿ. ಪವರ್ ಬಟನನ್ನು ಹತ್ತು ಸೆಕೆಂಡು ಒತ್ತಿಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿಯುತ್ತದೆ. ವಯರುಗಳನ್ನು ಬಿಡಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಡಬ್ಬವನ್ನು ಜಗಲಿಗೆ ತನ್ನಿ. ಒಳಗೆ ಮುಟ್ಟುವ ಮುಂಚೆ ಡಬ್ಬದ ಪೇಂಟಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಅಲ್ಲಿಗೆ ಹೋಗುತ್ತದೆ.

ಒಣಗಿದ ಮೆತ್ತನೆಯ ಪೇಂಟಿಂಗ್ ಬ್ರಷ್ ಮತ್ತು ಕೈಯಲ್ಲಿ ಹಿಡಿಯುವ ಸಣ್ಣ ಬ್ಲೋವರ್ ಸಾಕು. ಬ್ಲೋವರ್ ಇಲ್ಲದಿದ್ದರೆ ಸೈಕಲ್ ಪಂಪೂ ಆಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡ. ಅದರ ಗಾಳಿಯ ಜೊತೆ ನೀರಿನ ಹನಿ ಬರುತ್ತದೆ, ರಭಸವೂ ಜಾಸ್ತಿ. ಬಾಯಿಯಿಂದ ಊದಿದರೆ ಎಂಜಲು ಬೀಳುತ್ತದೆ. ಗಾಳಿ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಳ್ಳಿ. ಹಿಡಿಯದಿದ್ದರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು.

ಫ್ಯಾನಿನ ಮೇಲ್ಗಡೆ ಒರೆಸಿ ಮುಗಿಸಿದರೆ ಏನೂ ಆಗುವುದಿಲ್ಲ. ಬಿಸಿ ಹೋಗುವುದು ಫ್ಯಾನಿನ ಕೆಳಗಿರುವ ಅಲ್ಯೂಮಿನಿಯಂ ತಗಡುಗಳ ನಡುವಿನ ಸಂದಿಯಿಂದ. ಆ ಸಂದಿಯ ಆಚೆ ಬದಿಯ ಬೆಳಕು ಕಾಣುವವರೆಗೆ ಬ್ರಷ್ ಆಡಿಸಿ. ಮುಂದಿನ ಜಾಲರಿ, ಹಿಂದಿನ ಫ್ಯಾನ್, ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಇವುಗಳೂ ಆಗಬೇಕು. ಪವರ್ ಸಪ್ಲೈ ಪೆಟ್ಟಿಗೆಗೆ ಹೊರಗಿನಿಂದಲೇ ಗಾಳಿ ಬಿಡಿ, ಅದರ ಸ್ಕ್ರೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ತು ಕೂಡಿಡುವ ಭಾಗವಾದ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯ ಆಗುವಷ್ಟು ವಿದ್ಯುತ್ತು ಉಳಿದಿರಬಹುದು.

ಪೇಸ್ಟ್ ಬದಲಿಸುವುದು

ಧೂಳು ಹೋದ ಮೇಲೂ 90 ಇಳಿಯದಿದ್ದರೆ ಥರ್ಮಲ್ ಪೇಸ್ಟ್ ಒಣಗಿರಬೇಕು. ಪ್ರೊಸೆಸರಿನ ಮೈಗೂ ಕೂಲರಿನ (ಫ್ಯಾನ್ ಮತ್ತು ಆ ಅಲ್ಯೂಮಿನಿಯಂ ತಗಡುಗಳು ಸೇರಿದ ಭಾಗ) ತಳಕ್ಕೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅಲ್ಲಿ ಗಾಳಿ ಇದ್ದರೆ ಬಿಸಿ ದಾಟುವುದಿಲ್ಲ, ಪೇಸ್ಟ್ ಇದ್ದರೆ ದಾಟುತ್ತದೆ. ನಾಲ್ಕೈದು ವರ್ಷ ಮುಟ್ಟದ ಕಂಪ್ಯೂಟರಿನಲ್ಲಿ ಅದು ಗೋಡೆಯ ಹಳೆ ಸುಣ್ಣದ ಹಾಗೆ ಹುಡಿಯಾಗಿರುತ್ತದೆ.

ಕೂಲರ್ ಬಿಚ್ಚುವ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಆಫ್ ಮಾಡಿ, ಪೇಸ್ಟ್ ಮೆತ್ತಗಾಗುತ್ತದೆ. ಎಎಂಡಿ ಕಂಪನಿಯ ಪ್ರೊಸೆಸರ್ ಆದರೆ ಇದನ್ನು ಬಿಡಲೇಬೇಡಿ. ಕೂಲರನ್ನು ನೇರ ಮೇಲಕ್ಕೆ ಎಳೆಯದೆ ಎಡಕ್ಕೂ ಬಲಕ್ಕೂ ನಿಧಾನ ತಿರುಚಿ ಬಿಡಿಸಿ. ಎಎಂಡಿಯದ್ದೇ ಹಳೆಯ ರೈಜನ್‌ಗಳಲ್ಲಿ ಪ್ರೊಸೆಸರೇ ಕೂಲರಿಗೆ ಅಂಟಿ ಕಿತ್ತುಬಂದು ಪಿನ್ನುಗಳು ಬಾಗುವುದುಂಟು. ಇಂಟೆಲ್ ಕಂಪನಿಯ ಕೂಲರಿನ ನಾಲ್ಕು ಪ್ಲಾಸ್ಟಿಕ್ ಗೂಟಗಳನ್ನು ಬಾಣದ ಗುರುತಿನತ್ತ ತಿರುಗಿಸಿದರೆ ಬಿಡುತ್ತವೆ.

ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನೂಲು ಬಿಡದ ಬಟ್ಟೆಯಿಂದ ಒರೆಸಿ. ಲೋಹ ಕನ್ನಡಿಯ ಹಾಗೆ ಹೊಳೆಯಬೇಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ಬೇರೆ ಅಂಟು ಇರುತ್ತದೆ. ಹೊಸ ಪೇಸ್ಟ್ ಒಂದು ತೊಗರಿಕಾಳಿನಷ್ಟು, ನಡುಮಧ್ಯೆ ಇಟ್ಟರೆ ಸಾಕು. ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ಜಾಸ್ತಿ ಹಾಕಿದರೆ ಬದಿಯಿಂದ ಹೊರಬಂದು ಹೊಲಸಾಗುತ್ತದೆ, ತಂಪು ಜಾಸ್ತಿಯಾಗುವುದಿಲ್ಲ. ಗೂಟ ಅಥವಾ ಸ್ಕ್ರೂಗಳನ್ನು ಎದುರು ಬದುರು ಮೂಲೆಗಳಿಗೆ ಸರದಿಯಂತೆ ಬಿಗಿಯಿರಿ. ಫ್ಯಾನಿನ ವಯರ್ ಸಿಕ್ಕಿಸಲು ಮರೆಯಬೇಡಿ. ಆನ್ ಮಾಡಿದ ಕೂಡಲೇ ಫ್ಯಾನ್ ತಿರುಗುತ್ತದೆಯೇ ಎಂದು ನೋಡಿದ ಮೇಲೆ ತಗಡು ಮುಚ್ಚಿ.

ನನ್ನ ನೋಟ್‌ಬುಕ್ಕಿನಲ್ಲಿ ಅವತ್ತಿನ ಲೆಕ್ಕ ಇನ್ನೂ ಇದೆ. ಬೆಳಿಗ್ಗೆ 97, ಸಂಜೆ ಅದೇ ಕೆಲಸಕ್ಕೆ 68. ಆ ಸಂಖ್ಯೆ ನೋಡಿದಾಗ ಆದ ಸಂತೋಷ ಈಗಲೂ ನೆನಪಿದೆ.

ಬಿಸಿ ಅಲ್ಲದಿದ್ದರೆ

ರ‍್ಯಾಮ್ ಕಡ್ಡಿಯನ್ನು ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ. ಹುಡಿ ಕೊಡವಿ, ಅಂಚಿಗೆ ಬೆರಳು ತಾಗಿಸದೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಕಡಲ ಕರೆಯ ಊರುಗಳಲ್ಲಿ ಉಪ್ಪುಗಾಳಿಗೆ ಆ ಅಂಚು ಕಂದುವುದರಿಂದ ಎಷ್ಟೋ ಸಲ ಇಷ್ಟರಲ್ಲೇ ಸರಿಯಾಗುತ್ತದೆ. ಆಗದಿದ್ದರೆ ವಿಂಡೋಸಿನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ.

ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಎಂದೇ ಕೂತಿದ್ದರೆ ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಸಾಫ್ಟ್‌ವೇರಿನಲ್ಲಿ ಡಿಸ್ಕಿನ ಆರೋಗ್ಯ ನೋಡಿ. ಎಚ್ಚರಿಕೆಯ ಹಳದಿ ಕಂಡರೆ ತಡಮಾಡದೆ ಫೈಲುಗಳನ್ನು ಹೊರಗೆ ತೆಗೆಯಿರಿ. ಹಳೆ ಹಾರ್ಡ್‌ಡಿಸ್ಕಿನ ಬದಲು, ತಿರುಗುವ ತಟ್ಟೆಯಿಲ್ಲದೆ ವೇಗವಾಗಿ ಕೆಲಸ ಮಾಡುವ ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಕಂಪ್ಯೂಟರೂ ಚುರುಕಾಗುತ್ತದೆ. ನನ್ನ ಕೇಳಿದರೆ ಹೊಸ ಕಂಪ್ಯೂಟರಿಗೆ ಹಣ ಹಾಕುವ ಮೊದಲು ಇದನ್ನು ಮಾಡಿ ನೋಡಿ. ಒಂದು ವಿಷಯ ಮಾತ್ರ ಗೊತ್ತಿರಲಿ: ಹಳೆ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಇರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಮದರ್‌ಬೋರ್ಡಿನ ಮೇಲೆ ನಿಂತಿರುವ ಸಣ್ಣ ಉರುಟು ಕೆಪಾಸಿಟರುಗಳ ತಲೆ ಉಬ್ಬಿದ್ದರೆ, ಸುಟ್ಟ ವಾಸನೆ ಬಂದರೆ, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಗೊತ್ತಿರುವವರ ಕೈಗೆ ಕೊಡಿ. ಕೊಡುವಾಗ ಆ ನೋಟ್‌ಬುಕ್ಕಿನ ಪುಟವನ್ನೂ ತೋರಿಸಿ, ಅವರಿಗೂ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ವರ್ಷಕ್ಕೊಮ್ಮೆ ಈ ಸ್ವಚ್ಛತೆಗೆ ನಾನು ಇಟ್ಟುಕೊಂಡ ಗಡು ಪತ್ತನಾಜೆ, ತುಳುವರ ಬೇಶ ತಿಂಗಳ ಹತ್ತನೇ ದಿನ. ಮೇ 24ರ ಆಸುಪಾಸಿಗೆ ಬರುವ ಆ ದಿನಕ್ಕೆ ಅಡಿಕೆ ಸುಲಿಯುವ ಧೂಳೂ ಕಡಿಮೆಯಾಗಿರುತ್ತದೆ, ಮಳೆಯೂ ಹಿಡಿದಿರುವುದಿಲ್ಲ. ಒಳಗೆ ಧೂಳು ಉಳಿದರೆ ಮಳೆಗಾಲದ ತೇವ ಹೀರಿ ಕೆಸರಿನ ಹಾಗೆ ಅಂಟಿಕೊಳ್ಳುತ್ತದೆ. ಜೂನ್ ಹಿಡಿದ ಮೇಲೆ ಕೆಲಸ ಇರಲಿ ಇಲ್ಲದಿರಲಿ, ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಓಡಿಸಿ, ಒಳಗಿನ ತೇವ ಆರುತ್ತದೆ. ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದ್ದು ಸಾಲದು, ಪ್ಲಗ್ಗನ್ನೂ ಇಂಟರ್‌ನೆಟ್ಟಿನ ಕೇಬಲನ್ನೂ ಎಳೆದಿಡಿ.