ಹೊಸೂರಿನ ಕೋಣೆಯಿಂದ ಮಗಳಿಗೆ ಗಣಿತ: ನನ್ನ ಅನುಭವ

2025ರ ಮೇ ತಿಂಗಳಲ್ಲಿ ಕೇರಳದ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಮಗಳಿಗೆ ಗಣಿತದಲ್ಲಿ ಎ ಪ್ಲಸ್. ಎರಡು ತಿಂಗಳು ಬಿಟ್ಟರೆ ಅವಳು ಟ್ಯೂಷನ್‌ಗೆ ಹೋದವಳಲ್ಲ. ಎಂಟನೆಯ ತರಗತಿಯ ಅರ್ಧದಿಂದ ಹತ್ತನೆಯ ಕೊನೆಯವರೆಗೆ ಅವಳಿಗೆ ಗಣಿತ ಹೇಳಿಕೊಟ್ಟವನು ನಾನು, ಅದೂ ಸುಮಾರು ನಾನ್ನೂರು ಕಿಲೋಮೀಟರ್ ದೂರದ, ತಮಿಳುನಾಡಿನ ಹೊಸೂರಿನಿಂದ, ಫೋನಿನಲ್ಲಿ. ಇಲ್ಲಿನ ಕಾರ್ಖಾನೆಗಳಲ್ಲಿ ದುಡಿಯುವ, ಮನೆಯವರನ್ನು ಊರಿನಲ್ಲಿ ಬಿಟ್ಟು ಬಂದಿರುವ ಕೆಲವರು ಕ್ರಮವನ್ನು ಬರೆದು ಕೊಡಿ ಎಂದು ಕೇಳುತ್ತಿದ್ದಾರೆ. ಇವರಲ್ಲಿ ಇಬ್ಬರು ಮೂರು ವರ್ಷದ ಹಿಂದೆ ಇದು ನಡೆಯುವ ಕೆಲಸವಲ್ಲ ಎಂದು ನನ್ನ ಎದುರೇ ಹೇಳಿದವರು. ಅವರಿಗಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡೆಯ ಕೆಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬೇಸಿಗೆಯಲ್ಲೂ ಬರುತ್ತದೆ, ಮೊಬೈಲ್ ಸಿಗ್ನಲ್ ಸರಿಯಾಗಿ ಬರುವುದಿಲ್ಲ. ಮಕ್ಕಳಿಬ್ಬರೂ ಕನ್ನಡ ಮಾಧ್ಯಮ. ಮಗಳು ಎಂಟನೆಯಲ್ಲಿದ್ದಾಗ ಗಣಿತಕ್ಕೆ ಬಂದ ಅಧ್ಯಾಪಕರಿಗೆ ಕನ್ನಡ ಬಾರದು. ಒಳ್ಳೆಯ ಮನುಷ್ಯ, ವಿಷಯ ಬಲ್ಲವರು, ಆದರೆ ಪಾಠವೆಲ್ಲ ಮಲಯಾಳದಲ್ಲಿ. ಪುಸ್ತಕ ಕನ್ನಡದಲ್ಲಿ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ, ವಿವರಣೆ ಮಾತ್ರ ಬೇರೆ ಭಾಷೆಯಲ್ಲಿ. ಓಣಂಗೆ ಮೊದಲು ನಡೆಯುವ ಮೊದಲ ಅವಧಿಯ ಪರೀಕ್ಷೆಯ, ಅಂದರೆ ಓಣಂ ಪರೀಕ್ಷೆಯ, ಉತ್ತರಪತ್ರಿಕೆಯಲ್ಲಿ ಅವಳು ಪ್ರಶ್ನೆಗಳನ್ನೇ ನಕಲು ಮಾಡಿ ಬಂದಿದ್ದಳು. ಗಡಿಯಲ್ಲಿ ಇದು ಹೊಸ ಸಂಗತಿಯಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮವರು ಹೇಳುತ್ತಲೇ ಬಂದಿದ್ದಾರೆ. ಮನವಿ, ಸಭೆ, ಸಹಿ ಸಂಗ್ರಹ ಎಲ್ಲ ಆಗಬೇಕು, ನಾನೂ ಸಹಿ ಹಾಕಿದ್ದೇನೆ. ಆದರೆ ಮಗಳು ಎಂಟನೆಯಲ್ಲಿರುವುದು ಒಂದೇ ವರ್ಷ.

ಮೊದಲು ಹಣ ಸುರಿದ ಕತೆ. ಟ್ಯಾಬ್ ಒಂದನ್ನು ಸುಮಾರು ಹನ್ನೊಂದು ಸಾವಿರಕ್ಕೆ ಕೊಂಡು ಕಳಿಸಿದೆ. ವಿಡಿಯೋ ಕರೆ ಮಾಡಿದರೆ ಚಿತ್ರ ನಿಂತು ಬಿಡುತ್ತಿತ್ತು. ಮನೆಗೆ ಕೇಬಲ್ ಎಳೆಸಿದೆವು, ಮಳೆಗಾಲದಲ್ಲಿ ಅದರ ಮೇಲೆ ಸೋಗೆ ಬಿದ್ದರೆ ವಾರಗಟ್ಟಲೆ ಸಂಪರ್ಕವಿಲ್ಲ. ಸಂಪರ್ಕ ಸರಿಯಿದ್ದ ದಿನವೂ ಪಾಠ ಸಾಗಲಿಲ್ಲ. ಚಿತ್ರ ಕಾಣುವಾಗ ಮಗು ಮುಖ ನೋಡುತ್ತದೆ, ಪುಸ್ತಕ ನೋಡುವುದಿಲ್ಲ. ಹಿಂದಿನಿಂದ ಅಜ್ಜಿ ಬರುತ್ತಾರೆ, "ಮಗನೇ, ತೆಳ್ಳಗಾಗಿದ್ದೀಯಲ್ಲ" ಎನ್ನುತ್ತಾರೆ, ಅವಳ ತಮ್ಮ ಬೆಕ್ಕನ್ನು ಎತ್ತಿ ತೋರಿಸುತ್ತಾನೆ. ಎಲ್ಲವೂ ಬೇಕಾದದ್ದೇ, ಆದರೆ ಸಮೀಕರಣ ಅಲ್ಲೇ ನಿಲ್ಲುತ್ತದೆ. ಆ ಟ್ಯಾಬ್ ಕೊನೆಗೆ ಮೂರೂವರೆ ಸಾವಿರಕ್ಕೆ ಹೋಯಿತು.

ಎರಡನೆಯದು ಕಲಿಕೆಯ ಆ್ಯಪ್. ಕಂತಿನಲ್ಲಿ ಹದಿನೆಂಟು ಸಾವಿರದ ಆಸುಪಾಸು. ಎಲ್ಲವೂ ಇಂಗ್ಲಿಷ್, ಪಾಠಕ್ರಮವೂ ಕೇರಳದ್ದಲ್ಲ. ಮೂರನೆಯದು ಪೇಟೆಯ ಟ್ಯೂಷನ್, ತಿಂಗಳಿಗೆ ಎಂಟುನೂರು. ಅಲ್ಲಿಯೂ ಮಲಯಾಳ, ಜೊತೆಗೆ ಕತ್ತಲಾದ ಮೇಲೆ ಹುಡುಗಿ ಬಸ್ಸಿಗೆ ಕಾಯಬೇಕು. ಎರಡು ತಿಂಗಳಲ್ಲಿ ಅವಳ ಅಮ್ಮನೇ ಬಿಡಿಸಿದಳು. ಕೋವಿಡ್ ಕಾಲದಲ್ಲಿ ಕೇರಳ ಸರಕಾರದ ಶಿಕ್ಷಣ ವಾಹಿನಿ ಕೈಟ್ ವಿಕ್ಟರ್ಸ್‌ನವರು ಮಾಡಿದ ಫಸ್ಟ್ ಬೆಲ್ ಕನ್ನಡ ಪಾಠಗಳು ಇವೆಲ್ಲಕ್ಕಿಂತ ಎಷ್ಟೋ ಮೇಲು, ಇವತ್ತಿಗೂ ಹುಡುಕಿ ನೋಡಬಹುದು. ಆದರೆ ಅರ್ಥವಾಗದ ಕಡೆ ಕೈ ಎತ್ತಿದರೆ ವಿಡಿಯೋ ನಿಲ್ಲುವುದಿಲ್ಲವಲ್ಲ.

ನನ್ನ ಕ್ರಮ ಹುಟ್ಟಿದ್ದು ಒಂದು ರಾತ್ರಿ ಪಾಳಿಯಲ್ಲಿ. ನಮ್ಮ ಟೂಲ್ ರೂಮಿನಲ್ಲಿ ಹೊಸ ಹುಡುಗರಿಗೆ ಯಾರೂ ಕೂರಿಸಿ ಪಾಠ ಹೇಳುವುದಿಲ್ಲ. ಪಕ್ಕದಲ್ಲಿ ನಿಂತು ಅದೇ ಡ್ರಾಯಿಂಗಿನ ಇನ್ನೊಂದು ಪೀಸ್ ಮಾಡುತ್ತೇವೆ, ಅವರು ಕೇಳಿದಾಗ ಮಾತ್ರ ಬಾಯಿ ತೆರೆಯುತ್ತೇವೆ. ಮಗಳಿಗೂ ಹಾಗೆಯೇ ಮಾಡಿದರೆ? ಅವಳ ಪುಸ್ತಕವೇ ನನ್ನ ಕೈಯಲ್ಲೂ ಇರಬೇಕು, ಅವಳು ಮಾಡುವ ಲೆಕ್ಕವನ್ನು ಅದೇ ಹೊತ್ತಿಗೆ ನಾನೂ ಮಾಡಬೇಕು, ಫೋನು ನಡುವೆ ಸುಮ್ಮನೆ ತೆರೆದಿರಬೇಕು. ನನ್ನ ಕ್ರಮವೆಂದರೆ ಇಷ್ಟೇ.

ಹೆಂಡತಿಯ ತಮ್ಮನಿಗೆ ಹೇಳಿದೆ. "ಭಾವ, ಚಿತ್ರವೂ ಇಲ್ಲದೆ ರೇಖಾಗಣಿತ ಹೇಳಿಕೊಡುವುದು ಆಗುವ ಮಾತಲ್ಲ" ಎಂದ. ಕೋಣೆಯ ಜೊತೆಗಾರರು, ಹತ್ತು ಗಂಟೆ ನಿಂತು ಬಂದವನು ಒಂದು ತಿಂಗಳು ಮಾಡಿಯಾನು ಎಂದರು. ನಾನು ಓದಿದ್ದು ಐ.ಟಿ.ಐ., ಟರ್ನರ್. ಅಷ್ಟು ಓದಿದವನು ಹೈಸ್ಕೂಲಿನ ಗಣಿತ ಹೇಳಿಕೊಡುವುದೇ ಎಂಬ ಮಾತೂ ನನ್ನ ಕಿವಿಗೆ ಬಿತ್ತು.

ಕೇರಳ ಶಿಕ್ಷಣ ಇಲಾಖೆಯ "ಸಮಗ್ರ" ಎಂಬ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪುಸ್ತಕಗಳೆಲ್ಲ ಇವೆ. ಅವನ್ನು ಇಳಿಸಿ ಬಸ್ ನಿಲ್ದಾಣದ ಹತ್ತಿರ ಮುದ್ರಿಸಿ ಸ್ಪೈರಲ್ ಹಾಕಿಸಿದೆ, ಎರಡು ಭಾಗಕ್ಕೂ ಸೇರಿ ಇನ್ನೂರೈವತ್ತರಷ್ಟು ಆಯಿತು. ಒಂದೇ ಬಗೆಯ ಎರಡು ಉದ್ದ ನೋಟ್‌ಬುಕ್, ನೂರೈವತ್ತರ ತಂತಿಯ ಇಯರ್‌ಫೋನ್. ಕರೆಗೆ ಬೇರೆ ಖರ್ಚಿಲ್ಲ, ಹೇಗೂ ರೀಚಾರ್ಜ್‌ನಲ್ಲಿ ಬರುತ್ತದೆ. ಮನೆಯಲ್ಲಿ ಜಗಲಿಯ ಪೂರ್ವದ ಮೂಲೆಯಲ್ಲಿ ಮಾತಿನ ಮಟ್ಟಿಗೆ ಸಿಗ್ನಲ್ ಸಿಗುತ್ತದೆ, ಅಲ್ಲೇ ಮೇಜು ಹಾಕಿಸಿದೆ. ಬೆಳಗಿನ ಪಾಳಿ ಮತ್ತು ರಾತ್ರಿ ಪಾಳಿಯ ವಾರಗಳಲ್ಲಿ ಸಂಜೆ ಏಳಕ್ಕೆ, ಮಧ್ಯಾಹ್ನದ ಪಾಳಿಯ ವಾರ ಬೆಳಗ್ಗೆ ಆರಕ್ಕೆ ಮೊದಲು. ಹದಿಮೂರು ವರ್ಷದ ಹುಡುಗಿಯನ್ನು ಆ ಹೊತ್ತಿಗೆ ಯಾರೂ ಕೂಗದೆ ಎಬ್ಬಿಸುವ ಉಪಾಯ ನನ್ನಲ್ಲಿದೆ. ಅದು ನನಗೂ ಅವಳಿಗೂ ನಡುವಿನ ಒಪ್ಪಂದ, ಇಲ್ಲಿ ಬರೆಯುವುದಿಲ್ಲ.

ಕರೆ ಶುರುವಾದರೆ "ಪುಟ ಇಷ್ಟು, ಲೆಕ್ಕ ಇಷ್ಟು" ಎಂದು ಅವಳು ಹೇಳುತ್ತಾಳೆ. ಇಬ್ಬರೂ ಫೋನನ್ನು ಮಗುಚಿ ಇಡುತ್ತೇವೆ. ನಾನು ಉತ್ತರ ಹೇಳುವುದಿಲ್ಲ. "ಅರ್ಥವಾಯಿತೇ" ಎಂದು ಕೇಳುವುದಂತೂ ಇಲ್ಲವೇ ಇಲ್ಲ. ಆ ಪ್ರಶ್ನೆಗೆ ಎಲ್ಲ ಮಕ್ಕಳೂ "ಹೌದು" ಎನ್ನುತ್ತಾರೆ. ಮೊದಲ ವಾರಗಳು ಕಷ್ಟವಾದವು. ಮೌನ ಬಂದರೆ ಕರೆ ಕಡಿದು ಹೋಯಿತೆಂದು "ಅಪ್ಪಾ, ಇದ್ದೀರಾ?" ಎನ್ನುತ್ತಿದ್ದಳು. ಆಮೇಲೆ ಮೌನ ರೂಢಿಯಾಯಿತು. ಪೆನ್ಸಿಲ್ ಓಡುವ ಸದ್ದಿನಿಂದಲೇ ಅವಳು ಎಲ್ಲಿ ಸಿಕ್ಕಿಕೊಂಡಳೆಂದು ನನಗೆ ತಿಳಿಯತೊಡಗಿತು. ಬೇರಿಂಗ್ ಹಾಳಾಗುವ ಮೊದಲು ಲೇತ್‌ನ ಸದ್ದು ಬದಲಾಗುವುದನ್ನು ಹಿಡಿದ ಕಿವಿ ಇದು, ಇಷ್ಟೂ ಹಿಡಿಯದಿದ್ದರೆ ಹೇಗೆ.

ಭಾವಮೈದನ ಮಾತು, ಚಿತ್ರವಿಲ್ಲದೆ ರೇಖಾಗಣಿತ ಸಾಧ್ಯವಿಲ್ಲ ಎಂದದ್ದು, ತಲೆಕೆಳಗಾಯಿತು. ಚಿತ್ರ ತೋರಿಸಲಾಗದ ಕಾರಣ ಅವಳು ಆಕೃತಿಯನ್ನು ಬಾಯಲ್ಲಿ ವಿವರಿಸಬೇಕಾಯಿತು: ಕೇಂದ್ರ ಓ, ಅಲ್ಲಿಂದ ಜ್ಯಾಕ್ಕೆ ಲಂಬ, ಅದು ಜ್ಯಾವನ್ನು ಸಮಭಾಗ ಮಾಡುತ್ತದೆ ಎಂದು. ಹಾಗೆ ಹೇಳಲು ಬಂದವಳಿಗೆ ಬರೆಯುವುದು ಕಷ್ಟವೇ? ನಾನು ಕೇಳಿ ಕೇಳಿ ಚಿತ್ರ ಬಿಡಿಸುತ್ತಿದ್ದೆ. ನನ್ನ ಚಿತ್ರ ಸರಿ ಬಂದರೆ ಅವಳ ವಿವರಣೆ ಸರಿ.

ನೋಟ್‌ಬುಕ್‌ಗಳೆರಡು ಯಾಕೆಂದರೆ, ಊರಿಗೆ ಹೋದಾಗಲೆಲ್ಲ ಬದಲಾಯಿಸಿಕೊಳ್ಳುತ್ತಿದ್ದೆವು. ಅವಳದ್ದು ನನಗೆ, ನನ್ನದು ಅವಳಿಗೆ. ಅಪ್ಪ ಒಂದು ಲೆಕ್ಕವನ್ನು ಎಷ್ಟು ಸಾಲಿನಲ್ಲಿ ಮಾಡಿದ, ಎಲ್ಲಿ ಹೊಡೆದು ಹಾಕಿದ ಎಂದು ಅವಳು ನೋಡುತ್ತಿದ್ದಳು. ಕೆಂಪು ಶಾಯಿಯಲ್ಲಿ ನಾವಿಬ್ಬರೂ ಪರಸ್ಪರ ಹಾಕುತ್ತಿದ್ದ ಗುರುತುಗಳ ಅರ್ಥ ಕೇಳಬೇಡಿ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಹಳಿಯ ಅಡಿಯ ಮಣ್ಣು ಜಾರಿ ರೈಲು ನಿಂತಾಗ, ಬೆಂಗಳೂರಿನಿಂದ ಕಣ್ಣೂರಿನ ರಾತ್ರಿ ಗಾಡಿಯನ್ನೇ ನಂಬಿದ್ದ ನನಗೆ ಊರಿಗೆ ಹೋಗಲಾಗಲಿಲ್ಲ. ಆಗ ನೋಟ್‌ಬುಕ್ಕುಗಳು ಸ್ಪೀಡ್ ಪೋಸ್ಟ್‌ನಲ್ಲಿ ಓಡಾಡಿದವು. ಓಣಂಗೆ ಅಲ್ಲಿ ಶಾಲೆಗೆ ಹತ್ತು ದಿನ ರಜೆ, ಇಲ್ಲಿ ಕಾರ್ಖಾನೆಗೆ ಇಲ್ಲ. ಪೊಂಗಲ್‌ಗೆ ಇಲ್ಲಿ ರಜೆ, ಅಲ್ಲಿ ಶಾಲೆ. ಎರಡು ರಾಜ್ಯಗಳ ಕ್ಯಾಲೆಂಡರ್‌ಗಳನ್ನು ಗೋಡೆಗೆ ಅಕ್ಕಪಕ್ಕ ತೂಗುಹಾಕಿದವರಿಗೆ ಈ ಸಂಕಟ ಗೊತ್ತು.

ಹತ್ತನೆಯ ತರಗತಿಯ ತ್ರಿಕೋನಮಿತಿ ಬಂದಾಗ ನನ್ನ ದಿನ ಬಂತು. ಕೋನ ಹೊಂದಿಸುವ ಉಕ್ಕಿನ ಪಟ್ಟಿ, ಸೈನ್ ಬಾರ್, ನನ್ನ ಕೈಯಲ್ಲಿ ಪ್ರತಿದಿನ ಇರುವ ವಸ್ತು. 200 ಮಿ.ಮೀ. ಬಾರ್‌ನ ಒಂದು ಬದಿಯ ಕೆಳಗೆ 100 ಮಿ.ಮೀ. ಸ್ಲಿಪ್ ಗೇಜ್ (ನಿಖರ ಅಳತೆಯ ಉಕ್ಕಿನ ತುಂಡು) ಇಟ್ಟರೆ 30 ಡಿಗ್ರಿ. 45 ಡಿಗ್ರಿಗೆ ಎಷ್ಟು ಇಡಬೇಕು ಎಂದು ಕೇಳಿದೆ. 141.42 ಎಂದಳು. 45ರ ಮೇಲೆ ನಾವು ಸೈನ್ ಬಾರ್ ನಂಬುವುದಿಲ್ಲ, ಯಾಕೆಂದು ಕೋಷ್ಟಕ ನೋಡಿ ಹೇಳು ಎಂದೆ. ಮಾರನೆಯ ದಿನ ಉತ್ತರ ಬಂತು: 10ರಿಂದ 11 ಡಿಗ್ರಿಗೆ ಹೋಗಲು ಗೇಜನ್ನು ಸುಮಾರು 3.4 ಮಿ.ಮೀ. ಏರಿಸಬೇಕು, 80ರಿಂದ 81ಕ್ಕೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಸಾಕು, ಹಾಗಾಗಿ ಅಲ್ಲಿ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೋನ ತಪ್ಪುತ್ತದೆ. ನಮ್ಮ ಟೂಲ್ ರೂಮಿನಲ್ಲಿ ಐದಾರು ವರ್ಷ ಸವೆಸಿದವರೂ ಇದನ್ನು ಹೀಗೆ ಬಿಡಿಸಿ ಹೇಳುವುದಿಲ್ಲ. ಅವಳ ನೋಟ್‌ಬುಕ್ಕಿನ ಆ ಪುಟವನ್ನು ಫೋರ್‌ಮನ್‌ಗೆ ತೋರಿಸಿದೆ.

ಇನ್ನೊಂದು ದಿನ ಬೋಲ್ಟ್. ಚಪ್ಪಟೆ ಬದಿಗಳ ನಡುವೆ 17 ಮಿ.ಮೀ. ಇರುವ ಆರು ಮೂಲೆಯ ತಲೆ ಬೇಕಾದರೆ ಎಷ್ಟು ದಪ್ಪದ ಸುತ್ತು ಸರಳು ತೆಗೆದುಕೊಳ್ಳಬೇಕು? 17ನ್ನು ಸೈನ್ 60, ಅಂದರೆ 0.866ರಿಂದ ಭಾಗಿಸಿ 19.6 ಎಂದಳು, ಅಂದರೆ 20ರ ಸರಳು. ಆ 0.866 ಅವಳ ತಲೆಯಲ್ಲಿ ಕೂತು ಬಿಟ್ಟಿತು. ಮುಂದಿನ ವಾರ ಅಜ್ಜನ ಜೊತೆ ಟೇಪ್ ಹಿಡಿದು ತೋಟಕ್ಕೆ ಇಳಿದಿದ್ದಾಳೆ. ಅಡಿಕೆಗೆ ಒಂಬತ್ತು ಅಡಿ ಅಂತರ ಎಂದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯವರು ಹೇಳುವುದು ಚೌಕದ ನಾಟಿಗೆ. ಎಕರೆಗೆ ಸುಮಾರು 537 ಗಿಡ ಬರುತ್ತದೆ. ಅದನ್ನೇ ತ್ರಿಕೋನವಾಗಿ ನೆಟ್ಟರೆ ಸಾಲಿನ ಅಂತರ ಒಂಬತ್ತರ 0.866 ಪಟ್ಟು, ಏಳು ಮುಕ್ಕಾಲು ಅಡಿಗೆ ಇಳಿಯುತ್ತದೆ, ಗಿಡ 620ರವರೆಗೆ ಹೋಗುತ್ತದೆ. "ಮಗಳೇ, ಲೆಕ್ಕದಲ್ಲಿ ಗಿಡ ಹೆಚ್ಚಬಹುದು, ಬಿಸಿಲು ಹೆಚ್ಚುವುದಿಲ್ಲ" ಎಂದರಂತೆ ಅಜ್ಜ. ಆದರೂ ತೋಟದ ಬದಿಯಲ್ಲಿ ಖಾಲಿಯಿದ್ದ ಜಾಗದಲ್ಲಿ ಇಪ್ಪತ್ತರಷ್ಟು ಗಿಡಗಳನ್ನು ಅವಳ ಹೇಳಿಕೆಯಂತೆ ನೆಟ್ಟಿದ್ದಾರೆ. ಫಸಲು ಬರಲು ಇನ್ನೂ ಕೆಲವು ವರ್ಷ ಬೇಕು, ಆಗ ಬರೆಯುತ್ತೇನೆ.

ಕುಚ್ಚಲಕ್ಕಿಯ ವಿಷಯವೂ ಇದಕ್ಕೆ ಸೇರಿದ್ದು. ಪಾಠದ ನಡುವೆ ನನ್ನ ಕೋಣೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಲೆಕ್ಕ ಚದುರುತ್ತದೆ, ಐದು ಕಿಲೋದ ಸಿಲಿಂಡರ್ ತಿಂಗಳು ಮುಗಿಯುವ ಮೊದಲೇ ಖಾಲಿ. ಊರಿನಲ್ಲಿ ಅನ್ನ ಬೇಯಿಸುವ ಬಿಸಿಪೆಟ್ಟಿಯ ಹಾಗೆ ಮೀನಿನ ಥರ್ಮೋಕೋಲ್ ಪೆಟ್ಟಿಗೆಯನ್ನು ತೊಳೆದು ಒಣಗಿಸಿ, ಒಳಗೆ ಹಳೆಯ ಕಂಬಳಿ ಹಾಸಿದೆ. ಅಕ್ಕಿಯನ್ನು ನೆನೆಸಿ, ಹದಿನೈದು ನಿಮಿಷ ಕೊತಕೊತನೆ ಕುದಿಸಿ, ಮುಚ್ಚಳ ತೆರೆಯದೆ ಪೆಟ್ಟಿಗೆಯೊಳಗೆ ಇಟ್ಟರೆ ಪಾಠ ಮುಗಿಯುವ ಹೊತ್ತಿಗೆ ಗಂಜಿಗೆ ಬೇಕಾದ ಹದಕ್ಕೆ ಬಂದಿರುತ್ತದೆ. ಸಿಲಿಂಡರ್ ಈಗ ಒಂದೂವರೆ ತಿಂಗಳಿಗೂ ಬರುತ್ತದೆ. ಬೆಳ್ತಿಗೆ (ಬಿಳಿ) ಅಕ್ಕಿಗೆ ಈ ಪೆಟ್ಟಿಗೆ ಆಗದು, ಮುದ್ದೆಯಾಗುತ್ತದೆ. ಇಲ್ಲಿಯವರ ರಾಗಿಯನ್ನೂ ಇಟ್ಟು ನೋಡಿದೆ, ಗಂಟುಗಟ್ಟಿತು.

ಎಣಿಸದೆ ಸಿಕ್ಕಿದ ಫಲ ಇನ್ನೊಂದಿದೆ. ಮೊದಲೆಲ್ಲ ನಾನು ಫೋನ್ ಮಾಡಿ "ಊಟವಾಯಿತೇ, ಶಾಲೆ ಹೇಗಿತ್ತು" ಎಂದರೆ "ಆಯಿತು, ಒಳ್ಳೆಯದಿತ್ತು" ಎಂದು ಎರಡು ಮಾತಿಗೆ ಮುಗಿಯುತ್ತಿತ್ತು. ಲೆಕ್ಕ ಮಾಡುತ್ತ ಕೂತಾಗ ನಾನು ಏನೂ ಕೇಳುವುದಿಲ್ಲ, ಅವಳು ತಾನಾಗಿಯೇ ಹೇಳುತ್ತಾಳೆ. ಗೆಳತಿಯ ಜೊತೆ ಮಾತು ಬಿಟ್ಟದ್ದು, ಅಮ್ಮನ ಬೆನ್ನುನೋವು ಹೆಚ್ಚಿದ್ದನ್ನು ನನಗೆ ತಿಳಿಸಬಾರದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದು, ಎಲ್ಲ ಆ ಹೊತ್ತಿನಲ್ಲೇ ಗೊತ್ತಾದದ್ದು. ಬೆನ್ನುನೋವಿನ ಮಾತು ಕೇಳಿದ ರಾತ್ರಿಯೇ ರಜೆ ಹಾಕಿ ಹೊರಟೆ. ದೂರದಲ್ಲಿರುವ ಅಪ್ಪನಿಗೆ ಮನೆಯ ಸುದ್ದಿ ಸೋಸಿ ಕಳಿಸುವುದು ಎಲ್ಲ ಮನೆಗಳ ಪದ್ಧತಿ. ನನಗೆ ಸೋಸದ ಸುದ್ದಿ ಬೇಕಿತ್ತು, ಅದು ಗಣಿತದ ದಾರಿಯಲ್ಲಿ ಬಂತು.

ಮಗ ಈಗ ಎಂಟನೆಯಲ್ಲಿದ್ದಾನೆ. ಅಕ್ಕನ ಕ್ರಮ ಅವನಿಗೆ ಹಿಡಿಸುವುದಿಲ್ಲ, ಮೌನ ಅವನಿಂದ ಆಗದು. ಅವನ ಜೊತೆ ಲೆಕ್ಕವನ್ನು ಜೋರಾಗಿ ಓದಿಕೊಂಡು, ಒಂದು ಸಾಲು ಅವನು, ಒಂದು ಸಾಲು ನಾನು ಎಂದು ಮಾಡುತ್ತಿದ್ದೇವೆ. ಸದ್ಯಕ್ಕೆ ನಡೆಯುತ್ತಿದೆ.

ಶುರು ಮಾಡುವವರು ನನ್ನ ಹಳೆಯ ಮುದ್ರಿತ ಪ್ರತಿ ಕೇಳಬೇಡಿ. 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತನೆಯ ತರಗತಿಗಳಿಗೆ, 2025ರಲ್ಲಿ ಉಳಿದವಕ್ಕೆ, ಹತ್ತನೆಯದೂ ಸೇರಿ, ಕೇರಳದಲ್ಲಿ ಹೊಸ ಪುಸ್ತಕ ಬಂದಿದೆ. ಹೊಸದನ್ನೇ ಇಳಿಸಿಕೊಳ್ಳಿ. ಒಮ್ಮೆಗೇ ಎರಡೂ ಭಾಗ ಮುದ್ರಿಸಬೇಡಿ, ಎರಡನೆಯದಕ್ಕೆ ಓಣಂ ಪರೀಕ್ಷೆ ಮುಗಿದ ಮೇಲೆ ಹಣ ಹಾಕಿದರೆ ಸಾಕು. ಅಂಗಡಿಯವರಿಗೆ ಪುಟವನ್ನು ಕುಗ್ಗಿಸದೆ ಇದ್ದ ಅಳತೆಯಲ್ಲೇ ಮುದ್ರಿಸಲು ಹೇಳಿ. ಕಾಗದಕ್ಕೆ ಹೊಂದಿಸಿ ಮುದ್ರಿಸಿದರೆ ಐದು ಸೆಂಟಿಮೀಟರಿನ ಗೆರೆ ಐದೇ ಆಗಿ ಉಳಿಯುವುದಿಲ್ಲ, ಮಗು ಅಲ್ಲಿ ಸ್ಕೇಲ್ ಇಟ್ಟು ಒಂದು ಹೇಳುತ್ತದೆ, ನೀವು ಇಲ್ಲಿ ಇನ್ನೊಂದು ಹೇಳುತ್ತೀರಿ.