ಆಸ್ಟ್ರೋಸೈಟ್ ಪೊರೆಗೆ ಟಿಎನ್ಎಫ್ ಏನ್ ಮಾಡುತ್ತೆ ಅಂತ ಲಾರ್ಡಾನ್ ಹಾಕಿ ನೋಡೋದು ಹೇಗೆ

ಮಿದುಳಲ್ಲಿ ನ್ಯೂರಾನ್‌ಗಳಿಗೆ ಆಸರೆಯಾಗಿರೋ ಆಸ್ಟ್ರೋಸೈಟ್‌ಗಳಿಗೆ ಟಿಎನ್ಎಫ್-ಆಲ್ಫಾ ಥರದ ಉರಿಯೂತದ ಸಿಗ್ನಲ್ ತಗುಲಿದ್ರೆ ಫಾಸ್ಫೋಲಿಪೇಸ್ ಎ2 ಅನ್ನೋ ಕಿಣ್ವ ಚುರುಕಾಗಿ ಪೊರೆಯ ಲಿಪಿಡ್‌ನಿಂದ ಅರಾಕಿಡೋನಿಕ್ ಆಸಿಡ್ ಅನ್ನೋ ಕೊಬ್ಬಿನಾಮ್ಲ ಬಿಡಿಸಿಕೊಳ್ಳುತ್ತೆ, ಆಗ ಉಳಿದ ಲಿಪಿಡ್‌ಗಳು ಎಷ್ಟು ಒತ್ತೊತ್ತಾಗಿ ಕೂತಿವೆ ಅನ್ನೋದೂ ಬದಲಾಗಬಹುದು. ಅದನ್ನ ಜೀವಂತ ಸೆಲ್‌ನಲ್ಲೇ ತೋರಿಸೋದು ಲಾರ್ಡಾನ್ ಡೈ. ಪೊರೆ ಬಿಗಿಯಾಗಿದ್ರೆ 440 ನ್ಯಾನೋಮೀಟರ್ ಹತ್ರ ಹೊಳೆಯುತ್ತೆ, ಸಡಿಲವಾಗಿ ನೀರು ಒಳಗೆ ಸೇರಿದ್ರೆ 490 ಕಡೆ ಜಾರುತ್ತೆ.

ಮೊದಲು ಕಲ್ಚರ್ ಶುದ್ಧ ಮಾಡ್ಕೊಳ್ಳಿ. ಮೈಕ್ರೋಗ್ಲಿಯಾ (ಮಿದುಳಿನ ರಕ್ಷಣಾ ಕೋಶಗಳು) ಉಳಿದಿದ್ರೆ ಅವೇ ಇನ್ನಷ್ಟು ಸೈಟೋಕೈನ್ (ಟಿಎನ್ಎಫ್ ಥರದ ಸಿಗ್ನಲ್ ಪ್ರೋಟೀನ್) ಬಿಟ್ಟು ಲೆಕ್ಕ ಕೆಡಿಸ್ತವೆ, ಅದಕ್ಕೆ ಫ್ಲಾಸ್ಕ್ ಶೇಕ್ ಮಾಡಿ ತೆಗೀರಿ. ಟಿಎನ್ಎಫ್ 10 ನ್ಯಾನೋಗ್ರಾಮ್ ಪ್ರತಿ ಎಂಎಲ್‌ನಿಂದ ಶುರು ಮಾಡಬಹುದು. ಕಂಟ್ರೋಲ್ ಡಿಶ್‌ಗೆ ಬರೀ ಮೀಡಿಯಾ ಸಾಲಲ್ಲ, ಟಿಎನ್ಎಫ್ ಸ್ಟಾಕ್‌ನಲ್ಲಿ ಕ್ಯಾರಿಯರ್ ಅಂತ ಆಲ್ಬುಮಿನ್ ಇದ್ರೆ ಅಷ್ಟೇ ಆಲ್ಬುಮಿನ್ ಇದಕ್ಕೂ ಹಾಕಿ, ಯಾಕಂದ್ರೆ ಅದು ಕೊಬ್ಬಿನಾಮ್ಲನ ಹಿಡ್ಕೊಳ್ಳೋ ಪ್ರೋಟೀನ್, ಅದರ ಪರಿಣಾಮನ ಟಿಎನ್ಎಫ್ ತಲೆಗೆ ಕಟ್ಟೋ ಹಾಗಾಗುತ್ತೆ.

ಆಮೇಲೆ ಸೀರಮ್ ತೊಳೆದು, ಫೀನಾಲ್ ರೆಡ್ ಇಲ್ಲದ ಬಫರ್‌ನಲ್ಲಿ 5 ಮೈಕ್ರೋಮೋಲಾರ್ ಲಾರ್ಡಾನ್ ಹಾಕಿ ಅರ್ಧ ಗಂಟೆ ಕತ್ತಲಲ್ಲಿ ಇಡಿ. ಯುವಿಯಲ್ಲಿ ಡೈ ಬೇಗ ಬ್ಲೀಚ್ ಆಗುತ್ತೆ, ಹಾಗಾಗಿ ಟೂ-ಫೋಟಾನ್ ಮೈಕ್ರೋಸ್ಕೋಪ್ ಸಿಕ್ಕಿದ್ರೆ 780 ನ್ಯಾನೋಮೀಟರಲ್ಲಿ ಎಕ್ಸೈಟ್ ಮಾಡಿ 400-460, 470-530 ಎರಡು ಚಾನೆಲ್ ಒಟ್ಟಿಗೆ ತಗೊಳ್ಳಿ. ಸ್ಟೇಜ್ 37 ಡಿಗ್ರಿಯಲ್ಲೇ ಇರಬೇಕು, ಇದರಲ್ಲಿ ರಾಜಿ ಬೇಡವೇ ಬೇಡ, ತಣ್ಣಗಾದ್ರೆ ಪೊರೆ ತಾನಾಗೇ ಬಿಗಿಯಾಗುತ್ತೆ, ಮತ್ತೆ ನೀವು ಅಳೀತಿರೋದು ಉರಿಯೂತನೋ ಎಸಿ ಗಾಳಿನೋ ಗೊತ್ತಾಗಲ್ಲ.

ಜಿಪಿ (ಜನರಲೈಸ್ಡ್ ಪೋಲರೈಸೇಶನ್) ಅಂದ್ರೆ ಪೊರೆ ಎಷ್ಟು ಬಿಗಿ ಅಂತ ಹೇಳೋ ಸಂಖ್ಯೆ, ಜಾಸ್ತಿಯಾದಷ್ಟೂ ಬಿಗಿ. ಲೆಕ್ಕ ಸುಲಭ, ಮೊದಲ ಚಾನೆಲ್‌ನಿಂದ ಎರಡನೇದು ಕಳೆದು ಅವೆರಡರ ಮೊತ್ತದಿಂದ ಭಾಗಿಸಿ, ಉತ್ತರ -1ರಿಂದ +1ರ ಒಳಗೆ ಬರುತ್ತೆ. ಆದ್ರೆ ಎರಡು ಡಿಟೆಕ್ಟರ್ ಒಂದೇ ಥರ ಇರಲ್ವಲ್ಲ, ಪ್ರತಿ ಸಲ ಡಿಎಂಎಸ್‌ಒನಲ್ಲಿ ಕರಗಿಸಿದ ಲಾರ್ಡಾನ್ ಇಮೇಜ್ ತೆಗೆದು ಆ ವ್ಯತ್ಯಾಸ ಸರಿದೂಗಿಸೋ ಜಿ-ಫ್ಯಾಕ್ಟರ್ ಸರಿಮಾಡ್ಕೊಳ್ಳಿ. ಒಂದು ಡಿಶ್‌ಗೆ ಮೀಥೈಲ್-ಬೀಟಾ-ಸೈಕ್ಲೋಡೆಕ್ಸ್ಟ್ರಿನ್ ಹಾಕಿ ಕೊಲೆಸ್ಟರಾಲ್ ಎಳೆದು ನೋಡಿ, ಜಿಪಿ ಇಳೀಬೇಕು, ಇಳೀಲಿಲ್ಲ ಅಂದ್ರೆ ಸೆಟಪ್ಪನ್ನೇ ನಂಬಬೇಡಿ.

ಲಾರ್ಡಾನ್ ಹೊರಪೊರೆಯಲ್ಲಷ್ಟೇ ನಿಲ್ಲಲ್ಲ, ಒಳಗಿನ ಪೊರೆಗಳಿಗೂ ಲಿಪಿಡ್ ಡ್ರಾಪ್ಲೆಟ್‌ಗಳಿಗೂ ಹೋಗುತ್ತೆ. ಇಡೀ ಸೆಲ್‌ನ ಸರಾಸರಿ ತೆಗೆದು 'ಪ್ಲಾಸ್ಮಾ ಮೆಂಬ್ರೇನ್ ಬಿಗಿಯಾಯ್ತು' ಅಂತ ಬರೆಯೋದು ತಪ್ಪು, ಅಂಚಿಗೆ ಬೇರೆ ಮಾಸ್ಕ್ ಮಾಡಿ. ಸ್ಟಾಟಿಸ್ಟಿಕ್ಸ್‌ನಲ್ಲೂ ನೂರು ಸೆಲ್ ಎಣಿಸಿದ್ರೆ ಎನ್ (ಸ್ಯಾಂಪಲ್ ಸಂಖ್ಯೆ) ನೂರಾಗಲ್ಲ, ಬೇರೆ ಬೇರೆ ದಿನ ಮಾಡಿದ ಸ್ವತಂತ್ರ ಕಲ್ಚರ್‌ಗಳು ಎಷ್ಟೋ ಎನ್ ಅಷ್ಟೇ.