ಗೆಳೆಯರು ಕೂಡಿ ಒಂದು ಆಲ್ಬಂ ಪೂರ್ತಿ ಕೇಳುವ ಕ್ರಮ

ಒಂದು ಆಲ್ಬಮನ್ನು ಅದರ ಕಲಾವಿದರು ಇಟ್ಟ ಅನುಕ್ರಮದಲ್ಲಿಯೇ ಮೊದಲಿನಿಂದ ಕೊನೆಯವರೆಗೆ ನಾಲ್ಕಾರು ಗೆಳೆಯರು ಒಂದೆಡೆ ಕುಳಿತು ಕೇಳಿ, ಅನಂತರ ಅದರ ಬಗ್ಗೆ ಮಾತನಾಡುವ ರೂಢಿಯನ್ನು ರಾಯಚೂರಿನಂಥ ಊರಿನಲ್ಲಿ ಯಾರು ಬೇಕಾದರೂ ಆರಂಭಿಸಬಹುದು. ಇದಕ್ಕೆ ಬೆಲೆಬಾಳುವ ಯಂತ್ರಗಳು ಬೇಕಿಲ್ಲ, ಸಂಗೀತಶಾಸ್ತ್ರದ ಪರಿಚಯವೂ ಕಡ್ಡಾಯವಲ್ಲ. ಬೇಕಾಗಿರುವುದು ಒಂದೇ ಕಟ್ಟುಪಾಡು: ಆಡುವ ಮಾತು ಅಂದು ಕಿವಿಗೆ ಬಿದ್ದದ್ದರಿಂದ ಹುಟ್ಟಬೇಕು, ಹಿಂದೆಂದೋ ಓದಿದ್ದರಿಂದಲ್ಲ. ಮುಂದೆ ಹೇಳುವ ಕ್ರಮವೆಲ್ಲ ಆ ಕಟ್ಟುಪಾಡನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಇದೆ.

ಮೊದಲು ಆಯ್ಕೆಯ ವಿಚಾರ. ಜನಪ್ರಿಯ ಹಾಡುಗಳನ್ನು ಅಲ್ಲಲ್ಲಿಂದ ಆಯ್ದು ಪೋಣಿಸಿದ ಸಂಕಲನಗಳನ್ನು ಬಿಟ್ಟು, ಒಂದೇ ಯೋಜನೆಯಲ್ಲಿ ರೂಪುಗೊಂಡ ಆಲ್ಬಮನ್ನು ತೆಗೆದುಕೊಳ್ಳಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷಗಳ ಸಂಗೀತ ಮಾತ್ರ ಹಿಡಿಸುತ್ತಿದ್ದುದರಿಂದ ದೊಡ್ಡ ದೊಡ್ಡ ಗಾಯಕರೂ ರಾಗವನ್ನು ನಿಧಾನವಾಗಿ ಬಿಡಿಸುವ ಆಲಾಪವನ್ನು ಮೊಟಕುಗೊಳಿಸಿ ಹಾಡಬೇಕಾಗುತ್ತಿತ್ತು; 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಬಂದ ಮೇಲೆ ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಅವಕಾಶ ದೊರೆತು, ಆಲ್ಬಮನ್ನು ಒಂದು ಅಖಂಡ ರಚನೆಯಾಗಿ ಕಲ್ಪಿಸಿಕೊಳ್ಳುವುದು ಸಾಧ್ಯವಾಯಿತು. ಹೊಸದಾಗಿ ಆರಂಭಿಸುವವರಿಗೆ ನಾನು ಸೂಚಿಸುವುದು 1967ರ ‘ಕಾಲ್ ಆಫ್ ದ ವ್ಯಾಲಿ’. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ ಚೌರಾಸಿಯಾ ಅವರ ಕೊಳಲು ಮತ್ತು ಬ್ರಿಜ್‌ಭೂಷಣ ಕಾಬ್ರಾ ಅವರ ಗಿಟಾರ್ ಸೇರಿ ಕಾಶ್ಮೀರದ ಕಣಿವೆಯಲ್ಲಿ ಕುರಿ ಕಾಯುವವನೊಬ್ಬನ ಒಂದು ದಿನವನ್ನು ಕಟ್ಟಿಕೊಡುತ್ತವೆ. ಬೆಳಗಿನ ಅಹೀರ್ ಭೈರವ ರಾಗದಿಂದ ಹೊರಟು ಪಹಾಡಿ ರಾಗಕ್ಕೆ ಬಂದು ಮುಟ್ಟುವ ಈ ಪಯಣದಲ್ಲಿ ಯಾವ ಭಾಗವನ್ನು ಹಿಂದುಮುಂದು ಮಾಡಿದರೂ ದಿನದ ಲಯವೇ ತಪ್ಪುತ್ತದೆ. ಅನುಕ್ರಮಕ್ಕೆ ಏಕೆ ಬೆಲೆ ಎಂಬುದು ಇಲ್ಲಿ ವಿವರಣೆಯಿಲ್ಲದೆಯೇ ತಿಳಿಯುತ್ತದೆ.

ಸಮಯದ ಬಗ್ಗೆ ನಮ್ಮ ಭಾಗದವರು ವಿಶೇಷವಾಗಿ ಯೋಚಿಸಬೇಕು. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ರಾಯಚೂರಿನಲ್ಲಿ ಫ್ಯಾನ್ ಇಲ್ಲದೆ ಕೂರಲಾಗದು. ಫ್ಯಾನ್ ತಿರುಗುತ್ತಿದ್ದರೆ ತಂಬೂರಿಯ ನಾದವಾಗಲಿ, ಸಂತೂರಿನ ತಂತಿಗೆ ಕಡ್ಡಿಯಿಂದ ಬಡಿದ ಮೇಲೆ ಉಳಿಯುವ ಸಣ್ಣ ಝೇಂಕಾರವಾಗಲಿ ಅದರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಇಂಥ ಕೂಟಗಳಿಗೆ ಕಾರ್ತಿಕದಿಂದ ಮಾಘದವರೆಗಿನ ತಿಂಗಳುಗಳು ಉತ್ತಮ. ಬೇಸಿಗೆಯಲ್ಲಿಯೂ ನಡೆಸಬೇಕೆಂದಿದ್ದರೆ ಬೆಳಗಿನ ಜಾವ ಐದೂವರೆಗೆ ಸೇರುವುದು ಲೇಸು. ಆ ಹೊತ್ತಿನಲ್ಲಿ ಬೀದಿಯೂ ಶಾಂತವಾಗಿರುತ್ತದೆ, ಬೆಳಗಿನ ರಾಗಗಳಿಗೆ ಅವುಗಳ ವೇಳೆಯೂ ದೊರೆಯುತ್ತದೆ. ಎಲ್‌ಪಿ ಇಟ್ಟುಕೊಂಡವರು ಅವನ್ನು ಬಿಸಿಲು ತಾಗುವ ಗೋಡೆಯಿಂದ ದೂರವಾಗಿ, ಪುಸ್ತಕ ಜೋಡಿಸಿದಂತೆ ನೆಟ್ಟಗೆ ನಿಲ್ಲಿಸಬೇಕು. ಒಂದರ ಮೇಲೊಂದು ಪೇರಿಸಿದ ತಟ್ಟೆಗಳು ಸೆಖೆಗೆ ಬಾಗಿದರೆ ಮತ್ತೆ ಸರಿಯಾಗುವುದು ಕಷ್ಟ.

ಸಲಕರಣೆಯ ವಿಚಾರವನ್ನು ಬೆಳೆಸಬೇಕಾಗಿಲ್ಲ. ಎರಡು ಸ್ಪೀಕರ್‌ಗಳಿದ್ದರೆ ಅವುಗಳ ನಡುವಿನ ಅಂತರ ಮತ್ತು ಕೇಳುವವರಿಗಿರುವ ಅಂತರ ಹೆಚ್ಚುಕಡಿಮೆ ಸಮನಾಗಿರಲಿ, ಎರಡೂ ಗೋಡೆಗೆ ಅಂಟದಿರಲಿ. ಮೊಬೈಲ್‌ನಿಂದ ಕೇಳಿಸುವವರು ಹಾಡುಗಳನ್ನು ಕಲಸಿ ನುಡಿಸುವ ಸೌಲಭ್ಯವನ್ನು ನಿಲ್ಲಿಸಬೇಕು, ಜಾಹೀರಾತು ನಡುವೆ ನುಗ್ಗದಂತೆ ಆಲ್ಬಮನ್ನು ಮೊದಲೇ ಇಳಿಸಿಕೊಂಡಿರಬೇಕು, ಕರೆ ಬಾರದಂತೆ ಮಾಡಿರಬೇಕು.

ಕೇಳುವಾಗ ಯಾರೂ ಮಾತನಾಡಬಾರದು. ‘ಈಗ ಬರುತ್ತದೆ ನೋಡಿ’ ಎಂದು ಮುಂಚಿತವಾಗಿ ಹೇಳುವ ಉತ್ಸಾಹಿಗಳು ಪ್ರತಿ ಗುಂಪಿನಲ್ಲಿಯೂ ಇರುತ್ತಾರೆ. ಆ ಒಂದು ಮಾತಿನಿಂದ ಉಳಿದವರು ತಾವೇ ಕಂಡುಕೊಳ್ಳಬೇಕಾದ ಸಂತೋಷ ತಪ್ಪಿಹೋಗುತ್ತದೆ ಎಂಬುದನ್ನು ಅವರಿಗೆ ಪ್ರೀತಿಯಿಂದ ತಿಳಿಸಬೇಕು. ಆಲ್ಬಮಿನ ಹೊದಿಕೆಯ ಮೇಲಿನ ಬರಹವನ್ನು ಕೂಡ ಮೊದಲ ಸಲ ಕೇಳಿದ ಮೇಲೆಯೇ ಓದುವುದು ಒಳ್ಳೆಯದು. ಮಗ್ಗುಲು ತಿರುವುವ ಹೊತ್ತು ಸಹಜವಾದ ವಿರಾಮ. ಮೊಬೈಲ್‌ನಲ್ಲಿ ಕೇಳುವವರೂ ಮೂಲ ತಟ್ಟೆಯ ಮೊದಲ ಮಗ್ಗುಲು ಎಲ್ಲಿ ಮುಗಿಯುತ್ತಿತ್ತೆಂದು ನೋಡಿಕೊಂಡು ಅಲ್ಲಿಯೇ ನಿಲ್ಲಿಸಬೇಕು. ಚಹಾ, ಮಂಡಕ್ಕಿಯ ಒಗ್ಗರಣಿ, ಮಿರ್ಚಿ ಎಲ್ಲವೂ ಆಗ ಬರಲಿ. ತಟ್ಟೆ ಚಮಚಗಳ ಸದ್ದಿನ ನಡುವೆ ನಿಧಾನ ಲಯದ ವಿಲಂಬಿತ ಖ್ಯಾಲನ್ನು ಕೇಳಲಾಗುವುದಿಲ್ಲ.

ಚರ್ಚೆಯ ಮೊದಲ ಸುತ್ತಿನಲ್ಲಿ ‘ಚೆನ್ನಾಗಿದೆ’, ‘ಹಿಡಿಸಲಿಲ್ಲ’ ಎಂಬ ತೀರ್ಪುಗಳನ್ನು ಬದಿಗಿಟ್ಟು, ಪ್ರತಿಯೊಬ್ಬರೂ ತಾವು ಕೇಳಿದ ಒಂದು ಸಂಗತಿಯನ್ನು ಮಾತ್ರ ಹೇಳಬೇಕು. ತಬಲಾ ಎಲ್ಲಿ ಸೇರಿಕೊಂಡಿತು, ಒಂದು ವಾದ್ಯ ಬಿಟ್ಟ ಸ್ವರವನ್ನು ಇನ್ನೊಂದು ಎಲ್ಲಿ ಹಿಡಿಯಿತು, ತಮ್ಮ ಗಮನ ಎಲ್ಲಿ ತಪ್ಪಿತು, ಇಷ್ಟೇ ಸಾಕು. ಕೊನೆಯ ಪ್ರಶ್ನೆ ಬಹಳ ಮುಖ್ಯವಾದುದೆಂದು ನಾನು ನಂಬುತ್ತೇನೆ, ಏಕೆಂದರೆ ಇಬ್ಬರು ಮೂವರ ಗಮನ ಒಂದೇ ಜಾಗದಲ್ಲಿ ತಪ್ಪಿದ್ದರೆ ಅದಕ್ಕೆ ಸಂಗೀತದಲ್ಲಿಯೇ ಕಾರಣವಿರಬಹುದು. ಭಿನ್ನಾಭಿಪ್ರಾಯ ಬಂದಾಗ ವಾದಿಸುವ ಬದಲು ಆ ಭಾಗವನ್ನು ಮತ್ತೊಮ್ಮೆ ಹಾಕಿ ಕೇಳಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಕಲಿತು ಬಂದ ಸಂಗೀತ ಶಿಕ್ಷಕರು ಗುಂಪಿನಲ್ಲಿದ್ದರೆ ಅದು ಭಾಗ್ಯವೇ. ಆದರೆ ಅವರು ಮೊದಲೇ ಮಾತನಾಡಿದರೆ ಉಳಿದವರು ಬಾಯಿ ತೆರೆಯುವುದಿಲ್ಲವಾದ್ದರಿಂದ, ಅವರ ಸರದಿಯನ್ನು ಕೊನೆಗೆ ಇಡಬೇಕು. ಆಗ ರಾಗದ ಆರೋಹಣ ಅವರೋಹಣಗಳನ್ನು ಅವರಿಂದ ಒಮ್ಮೆ ಹಾಡಿಸಿ, ಬಳಿಕ ಆಲ್ಬಮಿನ ಅದೇ ಭಾಗಕ್ಕೆ ಹಿಂತಿರುಗಿದರೆ ಹೊಸಬರಿಗೂ ದಾರಿ ಕಾಣುತ್ತದೆ.

ಎರಡನೆಯ ಅಥವಾ ಮೂರನೆಯ ಕೂಟಕ್ಕೆ ಭೀಮಸೇನ ಜೋಶಿಯವರು ಹಾಡಿರುವ ದಾಸರ ಪದಗಳನ್ನು ತೆಗೆದುಕೊಳ್ಳಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಬಾಳಿದ, ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನಲ್ಲಿ ದಾಸರ ಪದ ಮನೆಯ ಹೆಂಗಸರ ಬಾಯಲ್ಲಿ ಇಂದಿಗೂ ಇದೆ. ಆದಕಾರಣ ಅಂದು ಗೆಳೆಯರ ತಾಯಂದಿರನ್ನೂ ಅಜ್ಜಿಯರನ್ನೂ ಕರೆಯಬೇಕು. ಗಾಯಕರು ಎಷ್ಟು ನುಡಿಗಳನ್ನು ಹಾಡಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ, ಮನೆಯ ಧಾಟಿಯಲ್ಲಿ ಒಂದೇ ಉಸಿರಿಗೆ ಮುಗಿಯುವ ಸಾಲನ್ನು ಹಿಂದೂಸ್ತಾನಿ ಕಂಠ ಹೇಗೆ ಹಿಗ್ಗಿಸಿದೆ ಎಂಬುದನ್ನು ಪದವನ್ನು ಬಾಯಿಪಾಠ ಬಲ್ಲ ಅಜ್ಜಿ ಹೇಳಬಲ್ಲಷ್ಟು ಖಚಿತವಾಗಿ ಇನ್ನಾರೂ ಹೇಳಲಾರರು. ಅವರಿಂದ ಆ ಪದವನ್ನು ಮನೆಯ ಧಾಟಿಯಲ್ಲಿ ಹಾಡಿಸಿ, ಒಪ್ಪಿದರೆ ಮೊಬೈಲ್‌ನಲ್ಲಿ ಮುದ್ರಿಸಿಟ್ಟುಕೊಳ್ಳಬೇಕು.

ಭಾವಗೀತೆಗಳ ಆಲ್ಬಂ ಆದರೆ ಕ್ರಮ ಸ್ವಲ್ಪ ಬೇರೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ರಾಗ ಹಾಕಿದ, 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ಟನ್ನು ಕೇಳುವಾಗ, ಹಾಡು ಮುಗಿದ ಮೇಲೆ ಕವಿತೆಯನ್ನು ಒಬ್ಬರು ಗಟ್ಟಿಯಾಗಿ ಓದಲಿ. ಹಾಡಿನಲ್ಲಿ ಪುನರಾವರ್ತನೆಯಿಂದ ಎದ್ದು ನಿಂತ ಸಾಲು ಓದಿನಲ್ಲಿ ಸಾಧಾರಣವಾಗಿ ಸರಿದುಹೋಗುವುದುಂಟು, ಹಾಡಿನಲ್ಲಿ ಮರೆಯಾದ ಸಾಲು ಓದಿನಲ್ಲಿ ಹೊಳೆಯುವುದೂ ಉಂಟು. ಆ ವ್ಯತ್ಯಾಸವೇ ಅಂದಿನ ಚರ್ಚೆಯ ವಿಷಯವಾಗಲಿ.

ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ದಿನಾಂಕ, ಆಲ್ಬಂ ಮತ್ತು ಪ್ರತಿಯೊಬ್ಬರ ಒಂದೊಂದು ಮಾತನ್ನು ಬರೆದಿಡಬೇಕು. ವರುಷ ಕಳೆದ ಮೇಲೆ ಅದೇ ಆಲ್ಬಮನ್ನು ಮತ್ತೆ ಕೇಳಿ, ಚರ್ಚೆ ಮುಗಿದ ನಂತರ ಹಳೆಯ ಪುಟವನ್ನು ತೆರೆದು ಹೋಲಿಸಿ ನೋಡಬೇಕು. ತಿಂಗಳಿಗೊಂದು ಕೂಟ ಸಾಕು, ಅದಕ್ಕಿಂತ ಹೆಚ್ಚಾದರೆ ಕೇಳಿದ್ದು ಮನಸ್ಸಿನಲ್ಲಿ ಇಳಿಯುವುದಿಲ್ಲ. ಮುಂದಿನ ಆಲ್ಬಂ ಯಾವುದೆಂದು ನಿರ್ಧರಿಸುವ ಹಕ್ಕನ್ನು ಆ ದಿನ ಎಲ್ಲರಿಗಿಂತ ಕಡಿಮೆ ಮಾತನಾಡಿದವರಿಗೆ ಕೊಡಬೇಕು, ಅವರ ಆಯ್ಕೆಯನ್ನು ಉಳಿದವರು ಪ್ರಶ್ನಿಸದೆ ಒಪ್ಪಬೇಕು.